ಪಾದ್ರಿ ಹೇಲ್ ವಿವೇಕದ ದನಿಯೇ?

ಪರ: ವಕೀಲ ಬರಲಿ ಎಂದವನು ಅವನೊಬ್ಬನೇ

ಪರ ಬರೆಯುವ ಪಾಳಿ ನನಗೆ ಬಂದಿದೆ, ಬರೆಯುತ್ತೇನೆ. ಆರ್ಥರ್ ಮಿಲ್ಲರ್‌ನ ‘ದಿ ಕ್ರೂಸಿಬಲ್’ (1953) ನಾಟಕದಲ್ಲಿ, ಅಮೆರಿಕದ ಸೇಲಂ ಊರಿನ ಹುಡುಗಿಯರು ಊರವರ ಮೇಲೆ ಮಾಟಗಾತಿಯರೆಂಬ ಆರೋಪ ಹೊರಿಸುತ್ತಾರೆ; ಮಾಟ ಪತ್ತೆ ಹಚ್ಚಲು ಹೊರಗಿನಿಂದ ಕರೆಸಿದವನು ಪಾದ್ರಿ ಹೇಲ್. ಮೂರನೆಯ ಅಂಕ ನೋಡಿ. ಹುಡುಗಿಯರು ಹೇಳುತ್ತಿರುವುದು ಸುಳ್ಳು ಎಂದು ರೈತ ಪ್ರಾಕ್ಟರ್ ಕೋರ್ಟಿಗೆ ಬಂದಾಗ, ಇಂಥ ತೂಕದ ವಾದವನ್ನು ಅವನೇ ಮಂಡಿಸುವುದು ಬೇಡ, ವಕೀಲನೊಡನೆ ಬರಲಿ ಎನ್ನುವವನು ಪಾದ್ರಿ ಹೇಲ್. ನ್ಯಾಯಾಧೀಶ ಡ್ಯಾನ್‌ಫರ್ತ್ ಒಪ್ಪುವುದಿಲ್ಲ. ಕೊನೆಗೆ ಹೇಲ್ ಕೋರ್ಟನ್ನೇ ಧಿಕ್ಕರಿಸಿ ಹೊರನಡೆಯುತ್ತಾನೆ. 72 ಮರಣಪತ್ರಗಳಿಗೆ ಸಹಿ ಹಾಕಿದವನಲ್ಲವೇ ಎನ್ನುತ್ತೀರಿ. ಹೌದು, ಹಾಕಿದ್ದ. ಆದರೆ ಪೀಠದ ಪಕ್ಕದಲ್ಲಿದ್ದವರ ಪೈಕಿ ಮನಸ್ಸು ಬದಲಿಸಿದವನು ಇವನೊಬ್ಬನೇ. ತಡವಾಯಿತು ಎಂಬುದನ್ನು ನಾನೂ ಅಲ್ಲಗಳೆಯಲಾರೆ.

ವಿರೋಧ: ರೆಬೆಕ್ಕಾ ಮೊದಲೇ ಹೇಳಿದ್ದಳಲ್ಲ!

ವಿವೇಕದ ದನಿ ಕೇಳಿಸಿದ್ದು ಮೊದಲ ಅಂಕದಲ್ಲಿ, ಹೇಲ್ ಊರಿಗೆ ಕಾಲಿಡುವ ಮುನ್ನ. ಮಂಚದ ಮೇಲೆ ನರಳುವ ಹುಡುಗಿ, ಸುತ್ತ ಗಾಬರಿಯ ಜನ. 11 ಮಕ್ಕಳ ತಾಯಿ, 26 ಮೊಮ್ಮಕ್ಕಳ ಅಜ್ಜಿ ರೆಬೆಕ್ಕಾ ನರ್ಸ್ ಬಂದು ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಾಳೆ, ಹುಡುಗಿ ತಣ್ಣಗಾಗುತ್ತಾಳೆ. ಮಕ್ಕಳಾಟ, ಸಾಕಾದಾಗ ತಾನೇ ಏಳುತ್ತಾಳೆ, ಡಾಕ್ಟರನ್ನು ನಂಬಿ ಎನ್ನುತ್ತಾಳೆ ಅಜ್ಜಿ. ಆಮೇಲೆ ಬರುತ್ತಾನೆ ಈ ಮಹಾಶಯ, ಅರ್ಧ ಡಜನ್ ದಪ್ಪ ಪುಸ್ತಕ ಹೊತ್ತು. ಗುಲಾಮ ಹೆಂಗಸು ಟಿಟುಬಾಳ ಬಾಯಿ ಬಿಡಿಸಿ ಮಾಟ ಒಪ್ಪಿಸಿದವನೂ ಇವನೇ. ವಕೀಲನಂತೆ! ಕೊಳ್ಳಿ ಇಟ್ಟವನೇ ನೀರು ತನ್ನಿ ಎಂದು ಕೂಗಿದರೆ ಶಾಲು ಹೊದಿಸಬೇಕೇ?

1692ರ ನಿಜವಾದ ಸೇಲಂನಲ್ಲಿ, ಮಾಟದ ಆರೋಪದಲ್ಲಿ ಬ್ರಿಜೆಟ್ ಬಿಷಪ್ ಎಂಬಾಕೆಗೆ ಶಿಕ್ಷೆಯಾದ ಮೇಲೆ ನ್ಯಾಯಾಧೀಶ ಸಾಲ್ಟನ್‌ಸ್ಟಾಲ್ ಪೀಠವನ್ನೇ ಬಿಟ್ಟ. ನಿಜವಾದ ಹೇಲ್ ತಿರುಗಿದ್ದು ಆರೋಪ ಸ್ವಂತ ಹೆಂಡತಿಯ ಮೇಲೆ ಬಂದಾಗ; ಅಷ್ಟರಲ್ಲಿ 19 ಮಂದಿ ಗಲ್ಲಿಗೇರಿಯಾಗಿತ್ತು.

ನಾಲ್ಕನೆಯ ಅಂಕದಲ್ಲಂತೂ ಅವನು ಜೈಲಿಗೆ ಬಂದು, ಸುಳ್ಳಾದರೂ ಸರಿ ಒಪ್ಪಿಕೊಳ್ಳಿ, ಜೀವ ಉಳಿಯುತ್ತದೆ ಎಂದು ಅಂಗಲಾಚುತ್ತಾನೆ. ಅದನ್ನು ಓದುವಾಗ ನನಗೆ ನಮ್ಮೂರ ಮೇಷ್ಟ್ರು ನೆನಪಾಗುತ್ತಾರೆ. ಪಕ್ಕದ ಮನೆಯ ಎಮ್ಮೆ ಸತ್ತಿತ್ತು. ಚಿಕ್ಕಮ್ಮನೇ ಮಾಟ ಮಾಡಿಸಿದ್ದು ಎಂದು ಪಂಚಾಯ್ತಿ ಸೇರಿಸಿದರು. ಕಟ್ಟೆಯ ಮೇಲೆ ತುಟಿ ಬಿಚ್ಚದೆ ಕೂತಿದ್ದ ಮೇಷ್ಟ್ರು ಕತ್ತಲಾದ ಮೇಲೆ ಹಿತ್ತಲ ಬಾಗಿಲಿಗೆ ಬಂದು, “ತಪ್ಪಾಯ್ತು ಅಂದ್ಬಿಡಮ್ಮ, ದಂಡ ಹಾಕಿ ಮುಗಿಸ್ತಾರೆ,” ಎಂದರು.

“ಎಮ್ಮೆ ಸತ್ತಿದ್ದು ಹೊಟ್ಟೆಯುಬ್ಬರಕ್ಕೆ ಅಂತ ನಿಮಗೇ ಗೊತ್ತಲ್ಲ ಮೇಷ್ಟ್ರೇ, ಅದನ್ನ ಕಟ್ಟೆ ಮೇಲೆ ಹೇಳಿ,” ಅಂದಳು ಚಿಕ್ಕಮ್ಮ.

ಅವರು ಹೇಳಲಿಲ್ಲ. ಚಿಕ್ಕಮ್ಮನೂ ಒಪ್ಪಿಕೊಳ್ಳಲಿಲ್ಲ. ದಂಡ ಕಟ್ಟಿದ್ದು ನಮ್ಮಪ್ಪ.