ಬರ್ಸ್ಕೂನ್ ಜಲಪಾತದ ಫೋಟೊ

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದುತ್ತಿರುವ ಅಕ್ಕನ ಮಗ ಮೊನ್ನೆ ಫೋಟೊ ಕಳಿಸಿದ್ದ. ಇಸ್ಸಿಕ್-ಕುಲ್ ಸರೋವರದ ದಕ್ಷಿಣಕ್ಕಿರುವ ಬರ್ಸ್ಕೂನ್ ಕಣಿವೆ. ಹಿಂದೆ ಜಲಪಾತ, ಪಕ್ಕದಲ್ಲಿ ಗಗನಯಾತ್ರಿ ಗಗಾರಿನ್ ಪ್ರತಿಮೆ. "ಮಾಮ, ಈ ಬೆಟ್ಟದ ರಸ್ತೇಲಿ ಎಂಥಾ ಲಾರಿಗಳು ಹೋಗ್ತವೆ ಗೊತ್ತಾ!" ಅಂತ ಬರೆದಿದ್ದ.

ಗೊತ್ತು. ಅದು ಕುಮ್ತೋರ್ ಚಿನ್ನದ ಗಣಿಯ ದಾರಿ. 1998ರ ಮೇ 20ರಂದು ಇದೇ ದಾರಿಯಲ್ಲಿ ಒಂದು ಲಾರಿ ಹೊಳೆಗೆ ಬಿತ್ತು. ಸುಮಾರು 1.7 ಟನ್ ಸೋಡಿಯಂ ಸೈನೈಡ್ ನೀರು ಸೇರಿತು. ಕೆಳಗಿನ ಬರ್ಸ್ಕೂನ್ ಊರಿನವರಿಗೆ ಸುದ್ದಿ ಮುಟ್ಟಿದ್ದು ಹಲವು ಗಂಟೆ ಕಳೆದ ಮೇಲೆ.

ಅದಿರನ್ನು ಹಿಟ್ಟಿನಂತೆ ಅರೆದು ಸೈನೈಡ್ ನೀರಿಗೆ ಹಾಕಿದರೆ ಚಿನ್ನ ಕರಗಿ ಬರುತ್ತದೆ. ಉಳಿದ ಕೆಸರು ಹೋಗೋದೆಲ್ಲಿಗೆ? ನಮ್ಮ ಕೆಜಿಎಫ್‌ನಲ್ಲಿ ದಿಬ್ಬಗಳಾಗಿ ನಿಂತಿದೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬ ಹಾಗೇ ಇದೆ. ಒಮ್ಮೆ ಗಾಳಿಯ ದಿನ ಅಲ್ಲಿ ಊಟಕ್ಕೆ ಕೂತಿದ್ದೆ. ಮನೆಯ ಅಜ್ಜಿ ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ಸೆರಗಿನಲ್ಲಿ ಒರೆಸಿ ಬಡಿಸಿದರು. ಸೆರಗಿಗೆ ಬಿಳಿ ಪುಡಿ ಹತ್ತಿತ್ತು.

ಕುಮ್ತೋರ್ ಇರೋದು ಸುಮಾರು 4,000 ಮೀಟರ್ ಎತ್ತರದಲ್ಲಿ. ಕೆಸರಿನ ಕೊಳದ ಮೇಲ್ಗಡೆ ಹಿಮ ಕರಗಿ ತುಂಬುವ ಪೆಟ್ರೋವ್ ಸರೋವರ. ದೇಶದ ದೊಡ್ಡ ನದಿ ನಾರಿನ್‌ನ ಮೂಲ ಅದೇ. ಗಣಿಯ ಕಲ್ಲುಮಣ್ಣನ್ನು ವರ್ಷಗಟ್ಟಲೆ ಡೇವಿಡೋವ್ ಹಿಮನದಿಯ ಮೇಲೇ ಸುರಿದರು. ಮಂಜುಗಡ್ಡೆ ಆ ಭಾರ ಹೊತ್ತು ಸುಮ್ನೆ ಕೂರುತ್ತದಾ? ಜಾರತೊಡಗಿತು. ಗಣಿಯವರು ತಮ್ಮದೇ ಕಟ್ಟಡಗಳನ್ನು ತೆರವು ಮಾಡಬೇಕಾಯಿತು.

ಆದರೆ ಆ ದೇಶದಲ್ಲಿ ಜಾಸ್ತಿ ಜಗಳ ನಡೆದದ್ದು ಗಣಿ ಯಾರದ್ದು ಅನ್ನೋದರ ಮೇಲೆ. ಅದಕ್ಕೂ ಕಾರಣವಿದೆ. ಕೆಲವು ವರ್ಷ ಜಿಡಿಪಿಯ ಸುಮಾರು ಹತ್ತನೇ ಒಂದು ಭಾಗ ಈ ಒಂದೇ ಗಣಿಯಿಂದ ಬಂದಿದೆ. ಗಣಿ ನಡೆಸುತ್ತಿದ್ದವರು ಕೆನಡಾದ ಕಂಪನಿಯವರು. ಅದನ್ನು ರಾಷ್ಟ್ರೀಕರಣ ಮಾಡಿ ಅಂತ 2012ರಲ್ಲಿ ಸರ್ಕಾರಿ ಭವನದ ಬೇಲಿ ಹಾರಲು ಹೋದ ಸದಿರ್ ಜಪರೋವ್ ಮುಂದೆ ಜೈಲು ಕಂಡರು. ಜೈಲಿನಿಂದ ಬಂದು 2021ರಲ್ಲಿ ಅಧ್ಯಕ್ಷರೂ ಆದರು. ಅದೇ ವರ್ಷ ಗಣಿ ಸರ್ಕಾರದ ಕೈಗೆ ಬಂತು. 2022ರಲ್ಲಿ ಕಂಪನಿ ಜೊತೆ ರಾಜಿಯಾಯಿತು.

ಸುಳ್ಳು ಯಾಕೆ, ಆಗ ನನಗೂ ಖುಷಿಯಾಗಿತ್ತು. ಅವರ ಚಿನ್ನ ಅವರಿಗೆ ಸೇರಬೇಕು ಅಲ್ವಾ? ಆಮೇಲೆ ಮೈಲುಸು ಬಗ್ಗೆ ಓದಿದೆ.

ಕಿರ್ಗಿಸ್ತಾನದ ಆ ಊರಲ್ಲಿ ವಿದೇಶಿ ಕಂಪನಿಯೇ ಇರಲಿಲ್ಲ. 1946ರಿಂದ 1968ರವರೆಗೆ ಯುರೇನಿಯಂ ತೆಗೆದದ್ದು ಸೋವಿಯತ್ ಸರ್ಕಾರ. ಬಿಟ್ಟು ಹೋದದ್ದು 23 ಕಡೆ ವಿಕಿರಣದ ಕೆಸರು, ಅದೂ ಗುಡ್ಡ ಕುಸಿಯುವ ಜಾಗದಲ್ಲಿ, ನದಿಯ ಪಕ್ಕ. 1958ರಲ್ಲಿ ಒಂದು ಕಟ್ಟೆ ಒಡೆದು ಸುಮಾರು 6 ಲಕ್ಷ ಘನ ಮೀಟರ್ ಕೆಸರು ಹೊಳೆಗೆ ನುಗ್ಗಿತು. ಆಗಿನ ಮಾಲೀಕರು ಯಾರು? "ಜನರೇ" ಅಂತ ಕಾಗದದಲ್ಲಿತ್ತು.

ಹಾಗಾಗಿ ಸರ್ಕಾರ ವಹಿಸಿಕೊಂಡಿತು ಅಂದಾಕ್ಷಣ ಚಪ್ಪಾಳೆ ತಟ್ಟೋದು ನಾನು ಬಿಟ್ಟಿದ್ದೇನೆ. ಕೆಸರಿನ ಲೆಕ್ಕ ಊರಿನವರಿಗೆ ಕೊಡ್ತಾರಾ, ಲಾರಿ ಬಿದ್ದರೆ ಹತ್ತು ನಿಮಿಷದಲ್ಲಿ ಹೇಳ್ತಾರಾ ಅಂತ ಮೊದಲು ನೋಡ್ತೀನಿ. 2019ರಲ್ಲಿ ಜನ ಬೀದಿಗಿಳಿದ ಮೇಲೆ ಕಿರ್ಗಿಸ್ತಾನದಲ್ಲಿ ಯುರೇನಿಯಂ ಗಣಿಗಾರಿಕೆ ನಿಷೇಧವಾಗಿತ್ತು. 2024ರಲ್ಲಿ ಆ ನಿಷೇಧ ತೆಗೆದುಹಾಕಿದ್ದು ಗಣಿ ವಾಪಸ್ ತಂದ ಇದೇ ಸರ್ಕಾರ.

ಹುಡುಗನಿಗೆ ಇಷ್ಟೆಲ್ಲ ಟೈಪ್ ಮಾಡಿ ಅಳಿಸಿದೆ. "ಆ ಹೊಳೆ ನೀರು ಕುಡಿದ್ಯೇನೋ?" ಅಂತಷ್ಟೇ ಕಳಿಸಿದೆ.

"ಬಾಟಲಿ ತುಂಬಿಸ್ಕೊಂಡೇ ಬಂದೆ ಮಾಮ, ಐಸ್ ಥರ ಇತ್ತು" ಅಂದ.