ಆಷಾಢದಲ್ಲಿ ಮಾತ್ರ ನಾನು ಫ್ರೀ

ಲೇಡೀಸ್ ಟೈಲರ್ ಅಂಗಡಿ ಇಟ್ಟವರಿಗೆ ಪಂಚಾಂಗವೇ ಬಾಸು. ಆಷಾಢ ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಾಗಾಗಿ ಬ್ಲೌಸೂ ಇಲ್ಲ. ಪಿತೃಪಕ್ಷದಲ್ಲೂ ಮದುವೆ ಇರೋದಿಲ್ಲ ನಿಜ. ಆದರೆ ಅದರ ಬೆನ್ನಿಗೇ ದಸರಾ ನಿಂತಿರುತ್ತದೆ. ಮೈಸೂರಲ್ಲಿದ್ದುಕೊಂಡು ದಸರಾಕ್ಕೆ ಬ್ಲೌಸ್ ಹೊಲಿಸದಿದ್ದರೆ ನೆಂಟರು ಸುಮ್ನೆ ಬಿಡ್ತಾರಾ?

ಕುವೆಂಪುನಗರದಲ್ಲಿ ನನ್ನದೊಂದು ಬೊಟಿಕ್ ಇದೆ. ಬೊಟಿಕ್ ಅನ್ನೋದು ಬೋರ್ಡಿನ ಮೇಲೆ. ಒಳಗಿರೋದು ಮೂರು ಮಷಿನ್ನು, ಒಂದು ಓವರ್‌ಲಾಕ್, ಆರಿ ವರ್ಕಿಗೆ, ಅಂದ್ರೆ ಕೊಕ್ಕೆಸೂಜಿಯ ಕಸೂತಿಗೆ, ಒಂದು ಸ್ಟ್ಯಾಂಡು, ಕಟಿಂಗ್ ಮಾಸ್ಟರ್ ಮತ್ತು ನಾನು. ಮಹಡಿ ಮೇಲೆ ನನ್ನ ಬಾಡಿಗೆ ಮನೆ. ಆಷಾಢ ಶುಕ್ರವಾರ ಊರಿಗೆ ಊರೇ ಚಾಮುಂಡಿ ಬೆಟ್ಟದ ಕ್ಯೂನಲ್ಲಿ ನಿಂತಿರುವಾಗ ನಾನು ಮಷಿನ್‌ಗೆ ಎಣ್ಣೆ ಬಿಡುತ್ತಾ ಕೂತಿರುತ್ತೇನೆ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ.

ಆದರೆ ಆಷಾಢದಲ್ಲಿ ಹುಡುಗಿ ನೋಡೋ ಶಾಸ್ತ್ರವೂ ಇಲ್ಲ. ಅರಸೀಕೆರೆಯಿಂದ ಅಮ್ಮ ಫೋನ್ ಮಾಡಿ, "ಶ್ರಾವಣ ಬರಲಿ, ಹುಡುಗನ ಕಡೆಯವರನ್ನ ಕರೆಸೋಣ" ಅನ್ನುತ್ತಾಳೆ. ಶ್ರಾವಣ ಬರುವಾಗ ವರಮಹಾಲಕ್ಷ್ಮಿಯನ್ನೂ, ಮದುವೆ ಆರ್ಡರನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಊರವರಿಗೆಲ್ಲ ಕೂಡಿಬರುವ ಮುಹೂರ್ತವೇ ನನಗೂ ಕೂಡಿಬರಬೇಕು. ಅವತ್ತೇ ನಾನು ಹುಕ್ಕು ಹಾಕುತ್ತಾ ಕೂತಿರಬೇಕು.

ವರಮಹಾಲಕ್ಷ್ಮಿ ಯಾವ ಶುಕ್ರವಾರ ಅಂತ ಕ್ಯಾಲೆಂಡರಿನಲ್ಲಿ ಜನವರಿಯಿಂದಲೇ ಇರುತ್ತದೆ. ಆದರೂ ಬುಧವಾರ ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಎಳೆದಾಗ ಬಗ್ಗಿಕೊಂಡು ಒಳಗೆ ಬರುತ್ತಾರೆ. "ಸಿಂಪಲ್ ಬ್ಲೌಸಮ್ಮಾ, ಒಂದ್ ಹೊಲಿಗೆ ಎಳೆದುಬಿಡು. ನೀನೊಬ್ಬಳೇ ತಾನೇ, ಮನೇಲಿ ಏನ್ ಕೆಲಸ ಇರುತ್ತೆ?" ಗಂಡ ಮಕ್ಕಳು ಇಲ್ಲದವರಿಗೆ ಹಸಿವು, ನಿದ್ದೆ ಎರಡೂ ಇರೋದಿಲ್ಲ ಅಂತ ಯಾರು ಇವರಿಗೆ ಹೇಳಿಕೊಟ್ಟರೋ. ಒಂದ್ ಹೊಲಿಗೆ ಅಂತೆ! ಕಾಟನ್ ಲೈನಿಂಗನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ ಆಮೇಲೆ ಕತ್ತರಿ ಹಾಕಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ. ಆಮೇಲೆ "ನಿನ್ನ ಕಟಿಂಗ್ ಸರಿ ಇಲ್ಲ" ಅನ್ನಿಸಿಕೊಳ್ಳೋದು ನಾನು.

ಅಳತೆಯದ್ದೇ ಒಂದು ಪುರಾಣ. ಕೆಲವರು ಅಳತೆ ಬ್ಲೌಸ್ ತರುತ್ತಾರೆ, ಮೊದಲ ಮಗು ಹುಟ್ಟೋಕೆ ಮುಂಚೆ ಹೊಲಿಸಿದ್ದು. ಆ ಮಗು ಈಗ ಹೊರಗೆ ಸ್ಕೂಟಿ ಮೇಲೆ ಕೂತು ಹಾರ್ನ್ ಹೊಡೀತಿರುತ್ತದೆ. "ಇದೇ ಅಳತೆ, ಆದ್ರೆ ಒಂಚೂರು ಲೂಸ್ ಇಡು. ಜಾಸ್ತಿ ಬೇಡ." ಟೇಪು ಹಿಡಿದರೆ ಹೊಟ್ಟೆ ಒಳಗೆ ಎಳೆದುಕೊಂಡು, ಉಸಿರು ಬಿಗಿಹಿಡಿದು, ಗೋಡೆ ಮೇಲಿನ ದೇವರ ಫೋಟೋ ನೋಡುತ್ತಾ ನಿಲ್ಲುತ್ತಾರೆ. ನಾನು ಬರೆದುಕೊಂಡ ಮೇಲೆ ಉಸಿರು ಬಿಡುತ್ತಾರೆ. ಅದಕ್ಕೇ ನಾನು ಟೇಪನ್ನು ಅರ್ಧ ನಂಬುತ್ತೇನೆ, ಉಳಿದರ್ಧ ಮಾರ್ಜಿನ್ನಿನಲ್ಲಿ ಇಟ್ಟಿರುತ್ತೇನೆ.

ಎಂಬ್ರಾಯ್ಡರಿ ಮಷಿನ್ ತಗೊಳ್ಳೋಣ ಅಂತ ಮುದ್ರಾ ಸಾಲಕ್ಕೆ ಬ್ಯಾಂಕಿಗೆ ಹೋಗಿದ್ದೆ. 2015ರಲ್ಲಿ ಶುರುವಾದ ಈ ಯೋಜನೆಯಲ್ಲಿ 50 ಸಾವಿರದವರೆಗಿನ ಸಾಲಕ್ಕೆ ಶಿಶು ಅಂತ ಹೆಸರು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ನಮ್ಮಮ್ಮನ ಲೆಕ್ಕದಲ್ಲಿ ಮೊದಲು ತರುಣ ಬರಬೇಕು, ಶಿಶು ಆಮೇಲೆ. ಬ್ಯಾಂಕಲ್ಲಿ ಉಲ್ಟಾ. ಉದ್ಯಮ್ ಸರ್ಟಿಫಿಕೇಟು, ಮಷಿನ್ ಕೊಟೇಶನ್ನು ಎಲ್ಲ ನೋಡಿದ ಮೇಲೆ ಅಲ್ಲಿದ್ದ ಸಾಹೇಬರು ಕೇಳಿದರು: "ಮದ್ವೆ ಆಗಿ ಬೇರೆ ಊರಿಗೆ ಹೋದ್ರೆ ಕಂತು ಯಾರಮ್ಮಾ ಕಟ್ತಾರೆ?" ಗಂಡನೇ ಇನ್ನೂ ಗೊತ್ತಿಲ್ಲ, ಅವನ ಟ್ರಾನ್ಸ್‌ಫರ್ ಬಗ್ಗೆ ನಾನೇನು ಹೇಳಲಿ? ಅದೇ ಸಂಜೆ ದಾರದ ಕಂಪನಿ ಹುಡುಗನೊಬ್ಬ ಅಂಗಡಿಗೆ ಬಂದು ಮಾಸ್ಟರಿಗೆ ಕೈ ಮುಗಿದು "ಓನರ್ ಸರ್" ಅಂದ. ಮಾಸ್ಟರ್ ತಲೆ ಎತ್ತದೆ ಕತ್ತರಿಯನ್ನು ನನ್ನ ಕಡೆ ತೋರಿಸಿದರು.

ಅಂತೂ ಒಂದು ಶ್ರಾವಣದ ಭಾನುವಾರ ಹುಡುಗನ ಕಡೆಯವರು ನಮ್ಮನೆಗೇ ಬಂದರು. ಇದೇ ಮೈಸೂರಿನವರು. ಅಮ್ಮ ಅರಸೀಕೆರೆಯಿಂದ ಬಂದು ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟಿದ್ದಳು. ನಾನು ಟ್ರೇ ಹಿಡಿದು ಬಗ್ಗಿದರೆ ಹುಡುಗನ ಅಮ್ಮನ ಕಣ್ಣು ನನ್ನ ಮುಖದ ಮೇಲೇ ಇಲ್ಲ, ಬೆನ್ನಿನ ಮೇಲೆ. ಜಡೆ ಉದ್ದ ನೋಡ್ತಿದಾರೆ ಅಂದುಕೊಂಡೆ.

"ಈ ಬ್ಯಾಕ್ ನೆಕ್ ಎಲ್ಲಿ ಹೊಲಿಸಿದ್ದು ಪುಟ್ಟಾ?"

"ನಾನೇ ಹೊಲಿದದ್ದು ಆಂಟಿ."

"ನವಿಲೂ ನೀನೇ ಹಾಕಿದ್ದಾ?"

ಅಲ್ಲಿಂದ ಹುಡುಗನ ಸಂಬಳ, ಸೈಟು, ಸ್ವಂತ ಮನೆ ಎಲ್ಲ ಹಿಂದೆ ಬಿತ್ತು. ಆಂಟಿ "ಸ್ವಲ್ಪ ಮಾತಾಡಬೇಕು" ಅಂತ ನನ್ನನ್ನು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಅಮ್ಮ ಸಂಬಂಧ ಕುದುರಿತು ಅಂತ ದೇವರಿಗೆ ತುಪ್ಪದ ದೀಪ ಹಚ್ಚಿದಳಂತೆ. ಒಳಗೆ ನಾನು ಆಂಟಿಯ ತೋಳಿನ ಸುತ್ತಳತೆ ತಗೊಳ್ಳುತ್ತಿದ್ದೆ. ಅವರೂ ಉಸಿರು ಬಿಗಿಹಿಡಿದಿದ್ದರು. ಹುಡುಗ ಪಾಪ, ಒಬ್ಬನೇ ಕೂತು ಎರಡು ಪ್ಲೇಟ್ ಕೇಸರಿಬಾತ್ ಖಾಲಿ ಮಾಡಿದ್ದ. ನಮ್ಮಿಬ್ಬರ ನಡುವೆ ಆದ ಮಾತೆಂದರೆ "ನೀರು ಬೇಕಿತ್ತು" ಅಷ್ಟೇ.

ವಾರ ಕಳೆದ ಮೇಲೆ ಜಾತಕ ಕೂಡಲಿಲ್ಲ ಅಂತ ಫೋನ್ ಬಂತು. ಮಾರನೇ ದಿನ ಐದು ಬ್ಲೌಸ್ ಪೀಸ್ ಬಂದವು. ಆಂಟಿಗೂ ನನಗೂ ಅಳತೆ ಚೆನ್ನಾಗಿ ಕೂಡಿತ್ತು. "ಸಂಬಂಧ ಆಗದಿದ್ರೇನಂತೆ, ನಮ್ ಹುಡುಗೀನೇ ನೀನು, ರೇಟು ನೋಡಿ ಹಾಕು" ಅಂದರು. ನೋಡಿಯೇ ಹಾಕಿದೆ.

ಕಾರ್ತಿಕಕ್ಕೆ ಸ್ವಲ್ಪ ಮುಂಚೆ ಮತ್ತೆ ಬಂದರು. ಜೊತೆಗೊಬ್ಬ ಹುಡುಗಿ. ಲಕ್ಷಣವಾಗಿದ್ದಳು, ನಾಚಿಕೊಂಡು ನಗುತ್ತಿದ್ದಳು. "ನಮ್ ಸೊಸೆ ಆಗೋಳು. ಮುಹೂರ್ತದ ಸೀರೆಗೆ ನಿನ್ನದೇ ಆರಿ ವರ್ಕ್ ಬೇಕು." ಮಾಸ್ಟರ್ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಟೇಪು ತೆಗೆದು ಹುಡುಗಿಯ ಭುಜಕ್ಕೆ ಹಿಡಿದೆ.

ರಾತ್ರಿ ಅಮ್ಮನಿಗೆ ಫೋನಲ್ಲಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಕೇಳಿದಳು:

"ಅಡ್ವಾನ್ಸ್ ಇಸ್ಕೊಂಡ್ಯಾ?"

"ಪೂರ್ತಿ ಇಸ್ಕೊಂಡೆ."

"ಕೇಸರಿಬಾತ್‌ದೂ ಸೇರಿಸಿದ್ಯಾ?"