ಎಲ್ಲವೂ ಶೋ ಗಿಡ

ನಮ್ಮ ಕಾಂಪೌಂಡ್ ಪಕ್ಕದ ಗಿಡ ಮೊನ್ನೆ ನೀಲಿ ಹೂ ಬಿಟ್ಟಿತು. ಅಲ್ಲಿಂದ ಶುರು ನೋಡಿ ತಲೆನೋವು. "ಇದು ದೇವರಿಗೆ ಆಗುತ್ತೇನೇ?" ಅಂದರು ಅತ್ತೆ. ಹೆಸರು ಗೊತ್ತಿದ್ದರೆ ತಾನೇ ಹೇಳೋದು!

ತರುವಾಗ ನರ್ಸರಿಯವನನ್ನು ಕೇಳಿದ್ದೆ. "ಶೋ ಗಿಡ ಮೇಡಂ." ಪಕ್ಕದ್ದು? "ಅದೂ ಶೋ ಗಿಡ." ಫೋನಿನ ಆ್ಯಪ್ ಮೂರು ಫೋಟೊಗೆ ಮೂರು ಹೆಸರು ಹೇಳಿತು.

ಅಷ್ಟರಲ್ಲಿ ಎದುರುಮನೆ ಮೇಷ್ಟ್ರು ಬಂದರು. ರಿಟೈರ್ ಆದ ಮೇಲೆ ತುಮಕೂರಿನ ಯಾವ ಗಿಡವನ್ನೂ ಅವರು ಸುಮ್ನೆ ಬಿಟ್ಟಿಲ್ಲ. ಎಲೆ ಕೀಳುತ್ತಾರೆ. ಎರಡು ಬೆರಳಲ್ಲಿ ಹೊಸಕುತ್ತಾರೆ. ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಬೀದಿಯೇ ಉಸಿರು ಹಿಡಿದು ನಿಲ್ಲಬೇಕು. ಆಮೇಲೆ ತೀರ್ಪು: "ಶುಗರ್‌ಗೆ ಒಳ್ಳೇದು." ಹೋದ ವರ್ಷ ಪ್ಲಾಸ್ಟಿಕ್ ಬಳ್ಳಿಯ ಎಲೆಗೂ ಕೈ ಹಾಕಿದ್ದರು, ಅದು ಮಾತ್ರ ಹೊಸಕೋಕೆ ಬರಲಿಲ್ಲ. ನಮ್ಮ ಗಿಡಕ್ಕೂ ಅದೇ ತೀರ್ಪು. ಜೊತೆಗೆ "ಬೆಳಗ್ಗೆ ಖಾಲಿ ಹೊಟ್ಟೇಲಿ ಎರಡೆಲೆ" ಅನ್ನೋ ಸಲಹೆ ಬೇರೆ.

ಕೊನೆಗೆ ಹೆಸರು ಹೇಳಿದ್ದು ಬೇಲಿ ಕತ್ತರಿಸೋ ಹುಡುಗ. "ಡುರಾಂಟಾ ಅಲ್ವೇನಕ್ಕಾ? ಕಟಿಂಗ್ ಮಾಡಿಸದೆ ಬಿಟ್ಟಿದೀರ, ಅದಕ್ಕೇ ಹೂ ಬಂದಿದೆ."

ಅಯ್ಯೋ! ಪಾರ್ಕು, ಆಫೀಸು, ಕಲ್ಯಾಣ ಮಂಟಪ, ಎಲ್ಲಾ ಕಡೆ ಮೊಣಕಾಲೆತ್ತರಕ್ಕೆ ಕತ್ತರಿಸಿ ನಿಲ್ಲಿಸಿರುವ ಹಳದಿ ಎಲೆಯ ಬೇಲಿ ಇದೇ. ದಿನಾ ನೋಡುವ ಮುಖ, ತಲೆಗೂದಲು ಬಿಟ್ಟಿದ್ದಕ್ಕೆ ಗುರುತೇ ಸಿಗಲಿಲ್ಲ. ನೆರಳಿಗೆ ಎಲೆಯೂ ಹಸಿರಾಗಿತ್ತು.

ಹುಡುಕಿ ಓದಿದೆ. ತವರು ಅಮೆರಿಕ ಖಂಡದ ಬಿಸಿ ಸೀಮೆ. ಹೆಸರು ಬಂದಿದ್ದು 16ನೇ ಶತಮಾನದ ಇಟಲಿಯ ವೈದ್ಯ ಕಾಸ್ಟೋರೆ ಡುರಾಂಟೆಯಿಂದ. ಡಾಕ್ಟರ ಹೆಸರಿದ್ದರೇನು, ಎಲೆ, ಕಾಯಿ ಎರಡೂ ವಿಷ! ಚಿನ್ನದ ಮಣಿಯಂಥ ಆ ಹಣ್ಣು ಹಕ್ಕಿಗಳಿಗೆ ಸರಿ, ಮಕ್ಕಳಿಗೆ ಅಪಾಯ.

ಗುಬ್ಬಿ ಕಡೆ ನಮ್ಮಜ್ಜಿಗೆ ಬೇಲಿಯಲ್ಲಿ ಹೆಸರು ಗೊತ್ತಿಲ್ಲದ ಗಿಡವೇ ಇರಲಿಲ್ಲ. ಕಳ್ಳಿ, ಲಕ್ಕಿ, ತಂಗಡಿ, ಕತ್ತಾಳೆ. ಕತ್ತಾಳೆಯೂ ಮೆಕ್ಸಿಕೋ ಕಡೆಯದೇ ಅಂತೆ. ಆದರೆ ಅಜ್ಜಿ ಅದರ ನಾರು ತೆಗೆದು ಹಗ್ಗ ಹೊಸೆದಿದ್ದಳು. ಇದಕ್ಕೆ ನಾವು ಕತ್ತರಿ ಬಿಟ್ಟರೆ ಇನ್ನೇನೂ ತೋರಿಸಿಲ್ಲ.

ವಿಷ ಅಂದ ಕೂಡಲೇ ಮೇಷ್ಟ್ರು ಬೆರಳನ್ನು ಪಂಚೆಗೆ ಒರೆಸಿಕೊಂಡರು. "ನನಗೆ ಆಗಲೇ ಅನುಮಾನ ಇತ್ತು" ಅಂದರು. ಅತ್ತೆ ಒಳಗೆ ಓಡಿ ಗಣಪತಿ ತಲೆ ಮೇಲಿನ ನೀಲಿ ಹೂ ತೆಗೆದರು. ತಿರುಗಿ ನೋಡಿದರೆ ಮೇಷ್ಟ್ರು ಗೇಟಿನ ಪಕ್ಕದ ಗಿಡದ ಎಲೆ ಹೊಸಕುತ್ತಾ ಕಣ್ಣು ಮುಚ್ಚಿದ್ದಾರೆ.

"ಮೇಷ್ಟ್ರೇ, ಅದು ಕರಿಬೇವು."